ಗರ್ಭಕೋಶದ ಒಳಪದರದ ಕ್ಯಾನ್ಸರ್: ಪತ್ತೆ ಮತ್ತು ಆಪರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಟ್ಟು ನಿಂತ ಮೇಲೆ ರಕ್ತ ಕಂಡವರು, ಬಯಾಪ್ಸಿ ಮಾಡಿಸಿ ಅಂತ ಹೇಳಿಸಿಕೊಂಡು ಬಂದವರು, ಆಪರೇಷನ್ ದಿನ ಗೊತ್ತಾಗಿ ನಿದ್ದೆ ಬಾರದೆ ಇರುವವರು, ಅವರ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಪೂರ್ತಿ ಓದಲು ಪುರುಸೊತ್ತು ಇಲ್ಲದಿದ್ದರೆ ಒಂದು ಮಾತು ಮಾತ್ರ ನೆನಪಿಡಿ. ಒಳಪದರದ ಚೂರು ತೆಗೆದು ಪರೀಕ್ಷೆ ಮಾಡುವುದು, ಅಂದರೆ ಬಯಾಪ್ಸಿ, ಮೊದಲು. ಗರ್ಭಕೋಶ ತೆಗೆಯುವ ಮಾತು ಆಮೇಲೆ.

ಮುಟ್ಟು ನಿಂತು ಆರು ವರ್ಷವಾಗಿದೆ. ಮೊನ್ನೆ ಒಂದೇ ದಿನ ಸ್ವಲ್ಪ ಕಲೆ ಕಾಣಿಸಿತು. ಡಾಕ್ಟರ್ ಹತ್ತಿರ ಹೋಗಲೇಬೇಕಾ?

ಹೋಗಲೇಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಬರುವ ರಕ್ತವನ್ನು ‘ಉಷ್ಣ ಆಗಿದೆ’, ‘ಕೆಲಸ ಜಾಸ್ತಿ ಆಯಿತು’ ಅಂತ ಬಿಡುವ ಹಾಗಿಲ್ಲ. ಒಂದು ಹನಿಯಾದರೂ ಸರಿ, ಕಂದು ಕಲೆಯಾದರೂ ಸರಿ, ಗುಲಾಬಿ ಬಣ್ಣದ ನೀರಿನಂಥ ಸ್ರಾವವಾದರೂ ಸರಿ.

ಹಾಗಂತ ರಕ್ತ ಕಂಡ ಕೂಡಲೇ ಕ್ಯಾನ್ಸರ್ ಅಂತ ಎದೆ ಒಡೆದುಕೊಳ್ಳಬೇಡಿ. ಹೀಗೆ ರಕ್ತ ಕಂಡ 100 ಮಂದಿಯಲ್ಲಿ ಸುಮಾರು 9 ಮಂದಿಗೆ ಮಾತ್ರ ಈ ಕ್ಯಾನ್ಸರ್ ಇರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಹಾರ್ಮೋನ್ ಕಡಿಮೆಯಾಗಿ ಒಳಗಿನ ಚರ್ಮ ತೆಳುವಾಗಿ ಒಣಗಿರುತ್ತದೆ. ಕೆಲವರಿಗೆ ಪಾಲಿಪ್ ಅನ್ನುವ ಸಣ್ಣ ಗಂಟು ಇರುತ್ತದೆ. ಆದರೆ ಈ ಕ್ಯಾನ್ಸರ್ ಬಂದ, ಮುಟ್ಟು ನಿಂತ 100 ಹೆಂಗಸರನ್ನು ಕೇಳಿದರೆ ಸುಮಾರು 90 ಮಂದಿ ರಕ್ತ ಹೋಗಿತ್ತು ಎನ್ನುತ್ತಾರೆ. ಇಷ್ಟು ಸ್ಪಷ್ಟವಾಗಿ, ಇಷ್ಟು ಬೇಗ ಸುಳಿವು ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಆ ಸುಳಿವನ್ನು ಮುಚ್ಚಿಟ್ಟುಕೊಂಡು ಕೂತರೆ ಮಾತ್ರ ಕಷ್ಟ.

ನಮ್ಮ ಮನೆಗಳಲ್ಲಿ ಆಗುವುದು ಅದೇ ಅಲ್ವಾ? ‘ಈ ವಯಸ್ಸಿನಲ್ಲಿ ಮಗನ ಹತ್ತಿರ ಇದನ್ನು ಹೇಗೆ ಹೇಳುವುದು’ ಅಂತ ಅಮ್ಮ ಸುಮ್ಮನಿರುತ್ತಾರೆ. ಹಳೇ ಸೀರೆ ಬಟ್ಟೆ ಇಟ್ಟುಕೊಂಡು ತಿಂಗಳುಗಟ್ಟಲೆ ನೂಕುತ್ತಾರೆ. ಮನೆಯಲ್ಲಿ 50 ದಾಟಿದ ಹೆಂಗಸರಿದ್ದರೆ ನೀವೇ ಒಮ್ಮೆ ಕೇಳಿ. ಸೊಸೆ ಕೇಳಬಹುದು, ಮಗಳು ಕೇಳಬಹುದು. ಮಗ ಕೇಳಿದರೂ ತಪ್ಪೇನಿಲ್ಲ.

ಇದು ಮತ್ತು ಗರ್ಭಕಂಠದ ಕ್ಯಾನ್ಸರ್, ಎರಡೂ ಒಂದೇನಾ?

ಬೇರೆ ಬೇರೆ. ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ. ಅಲ್ಲಿನ ಕ್ಯಾನ್ಸರ್‌ಗೆ ಎಚ್‌ಪಿವಿ ವೈರಸ್ ಮುಖ್ಯ ಕಾರಣ. ಅದಕ್ಕೆ ಲಸಿಕೆ ಇದೆ. ಇಲ್ಲಿ ನಾವು ಮಾತಾಡುತ್ತಿರುವುದು ಗರ್ಭಕೋಶದ ಒಳಗಿನ ಪದರದ ಬಗ್ಗೆ. ಪ್ರತಿ ತಿಂಗಳು ಬೆಳೆದು, ಮುಟ್ಟಾಗಿ ಉದುರುವ ಪದರ ಅದು. ಇದಕ್ಕೆ ವೈರಸ್ ಕಾರಣವಲ್ಲ, ಲಸಿಕೆಯೂ ಇಲ್ಲ.

ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್ ಇವತ್ತಿಗೂ ಜಾಸ್ತಿ. ಅಮೆರಿಕ, ಯುರೋಪಿನಂಥ ಕಡೆ ಒಳಪದರದ್ದೇ ಜಾಸ್ತಿ. ಇಡೀ ಜಗತ್ತಿನಲ್ಲಿ 2022ರಲ್ಲಿ ಸುಮಾರು 4.2 ಲಕ್ಷ ಹೆಂಗಸರಿಗೆ ಇದು ಹೊಸದಾಗಿ ಪತ್ತೆಯಾಯಿತು. ತೂಕ, ಶುಗರ್ ಹೆಚ್ಚುತ್ತಿರುವ ನಮ್ಮ ಊರುಗಳಲ್ಲೂ ಇದರ ಬಗ್ಗೆ ಎಚ್ಚರ ಬೇಕು.

ಯಾರಿಗೆ ಬರುವ ಸಾಧ್ಯತೆ ಜಾಸ್ತಿ?

ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಅದಕ್ಕೆ ಕಡಿವಾಣ ಹಾಕುತ್ತದೆ. ಕಡಿವಾಣ ಇಲ್ಲದೆ ವರ್ಷಗಟ್ಟಲೆ ಬರೀ ಬೆಳವಣಿಗೆಯೇ ನಡೆದರೆ ಪದರ ದಪ್ಪವಾಗಿ, ಕೊನೆಗೆ ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ.

ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದರೆ ಮುಟ್ಟು ನಿಂತ ಮೇಲೂ ಆ ಕೊಬ್ಬಿನಲ್ಲೇ ಈಸ್ಟ್ರೋಜನ್ ತಯಾರಾಗುತ್ತಿರುತ್ತದೆ. ಹಾಗಾಗಿ ತೂಕ ದೊಡ್ಡ ಕಾರಣ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದು ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದವರು, ಹೆರಿಗೆ ಆಗದವರು, ಮುಟ್ಟು ತಡವಾಗಿ ನಿಂತವರು, ಶುಗರ್ ಇರುವವರು ಈ ಗುಂಪಿಗೆ ಸೇರುತ್ತಾರೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಿಗೂ, ಅದರಲ್ಲೂ ಮುಟ್ಟು ನಿಂತವರಿಗೆ, ಅಪಾಯ ಸ್ವಲ್ಪ ಹೆಚ್ಚು. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದರಿಂದ ಸಿಗುವ ಲಾಭ ದೊಡ್ಡದು. ರಕ್ತ ಕಂಡರೆ ತಕ್ಷಣ ಹೇಳಿ, ಅಷ್ಟು ಸಾಕು.

ಇದು ಯಾವುದೂ ಇಲ್ಲದ, ತೆಳ್ಳಗಿರುವವರಿಗೂ ಬರುತ್ತದೆ. ಆದ್ದರಿಂದ ‘ನಾನು ದಪ್ಪ ಇಲ್ಲ’ ಅನ್ನುವ ಧೈರ್ಯದ ಮೇಲೆ ರಕ್ತಸ್ರಾವವನ್ನು ಬಿಡಬೇಡಿ.

ನನಗಿನ್ನೂ ಮುಟ್ಟು ನಿಂತಿಲ್ಲ. ನಲವತ್ತಾರು ವರ್ಷ. ಮುಟ್ಟು ನಿಲ್ಲುವ ಹೊತ್ತಿಗೆ ಜಾಸ್ತಿ ಹೋಗುವುದು ಸಹಜ ಅಂತಾರೆ, ನಿಜವಾ?

ಮುಟ್ಟು ನಿಲ್ಲುವ ಕಾಲಕ್ಕೆ ಅದು ತಡವಾಗುವುದು, ಕಡಿಮೆಯಾಗುವುದು ಸಹಜ. ಗಟ್ಟಿ ಗಟ್ಟಿಯಾಗಿ ಹೋಗುವುದು, ಹತ್ತು ಹದಿನೈದು ದಿನ ನಿಲ್ಲದಿರುವುದು, ನಡುನಡುವೆ ಕಾಣಿಸಿಕೊಳ್ಳುವುದು ಸಹಜ ಅಂತ ಬಿಡಬೇಡಿ. 45 ದಾಟಿದವರಲ್ಲಿ ಹೀಗಾದರೆ ಬಯಾಪ್ಸಿ ಬೇಕು ಅನ್ನುವುದು ಸಾಮಾನ್ಯ ನಿಯಮ. ತೂಕ ಜಾಸ್ತಿ ಇದ್ದು, ಪಿಸಿಓಎಸ್ ಇದ್ದರೆ 45ಕ್ಕಿಂತ ಚಿಕ್ಕವರಲ್ಲೂ ಮಾಡುತ್ತಾರೆ.

ಹೋದ ವರ್ಷ ಪ್ಯಾಪ್ ಸ್ಮಿಯರ್ ನಾರ್ಮಲ್ ಬಂದಿದೆ. ಸಾಲದಾ?

ಸಾಲದು. ಅದು ಗರ್ಭಕಂಠದ ಪರೀಕ್ಷೆ. ಒಳಪದರದ ಕ್ಯಾನ್ಸರ್ ಇದ್ದೂ ಪ್ಯಾಪ್ ನಾರ್ಮಲ್ ಬರುವುದು ಮಾಮೂಲಿ.

ಸ್ಕ್ಯಾನಿಂಗ್‌ನಲ್ಲಿ ‘ಒಳಪದರ 9 ಮಿ.ಮೀ.’ ಅಂತ ಬರೆದಿದ್ದಾರೆ. ಅದರ ಅರ್ಥ ಏನು?

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್‌ಗಿಂತ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಪದರ ಚೆನ್ನಾಗಿ ಕಾಣುತ್ತದೆ. ಮುಟ್ಟು ನಿಂತು ರಕ್ತ ಕಂಡವರಲ್ಲಿ ಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ 100ಕ್ಕೆ ಒಂದಕ್ಕಿಂತ ಕಡಿಮೆ. ಅದಕ್ಕಿಂತ ದಪ್ಪ ಇದ್ದರೆ ಬಯಾಪ್ಸಿ ಬೇಕು. ನಿಮ್ಮದು 9, ಹಾಗಾಗಿ ಬೇಕು. ದಪ್ಪ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ, ಪಾಲಿಪ್ ಇದ್ದರೂ ದಪ್ಪ ಕಾಣುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಮುಟ್ಟಾಗುತ್ತಿರುವವರಿಗೆ ಈ 4 ಮಿ.ಮೀ. ಲೆಕ್ಕ ಅನ್ವಯಿಸುವುದಿಲ್ಲ. ಅವರ ಪದರ ತಿಂಗಳ ದಿನಕ್ಕೆ ತಕ್ಕಂತೆ ದಪ್ಪ, ತೆಳು ಆಗುತ್ತಿರುತ್ತದೆ. ಎರಡನೆಯದು, ಪದರ ತೆಳುವಾಗಿದ್ದರೂ ರಕ್ತ ಮತ್ತೆ ಮತ್ತೆ ಬರುತ್ತಿದ್ದರೆ ಬಯಾಪ್ಸಿ ಮಾಡಿಸಲೇಬೇಕು. ಸೀರಸ್ ಅನ್ನುವ ಜೋರಿನ ಜಾತಿಯ ಕ್ಯಾನ್ಸರ್ ಪದರ ದಪ್ಪವಾಗದೆಯೂ ಬರುತ್ತದೆ.

ಬಯಾಪ್ಸಿ ಹೇಗೆ ಮಾಡುತ್ತಾರೆ? ತುಂಬಾ ನೋವಾಗುತ್ತದಾ?

ಹೆಚ್ಚಿನವರಿಗೆ ಓಪಿಡಿಯಲ್ಲೇ ಆಗುತ್ತದೆ. ಪಿಪೆಲ್ ಅನ್ನುವ ತೆಳ್ಳನೆಯ ಪ್ಲಾಸ್ಟಿಕ್ ನಳಿಗೆಯನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಕಳಿಸಿ, ಹೀರಿ, ಪದರದ ಚೂರು ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಮುಟ್ಟಿನ ಹೊಟ್ಟೆನೋವಿನಂಥ ಹಿಂಡುವ ನೋವು ಬರುತ್ತದೆ, ಕೆಲವರಿಗೆ ಜೋರಾಗಿಯೇ ಬರುತ್ತದೆ. ಮೊದಲೇ ನೋವಿನ ಮಾತ್ರೆ ಕೇಳಿ ತೆಗೆದುಕೊಳ್ಳಬಹುದು. ತಡೆಯಲು ಆಗದಿದ್ದರೆ ನಿಲ್ಲಿಸಿ ಅನ್ನುವ ಹಕ್ಕು ನಿಮಗಿದೆ. ಆಗ ಅರಿವಳಿಕೆ ಕೊಟ್ಟು ಮಾಡುತ್ತಾರೆ.

ಬಾಯಿ ಬಿಗಿಯಾಗಿದ್ದರೆ, ಚೂರು ಸಾಕಷ್ಟು ಸಿಗದಿದ್ದರೆ, ಪಾಲಿಪ್ ಅನುಮಾನ ಇದ್ದರೆ ಹಿಸ್ಟರೋಸ್ಕೋಪಿ ಮಾಡುತ್ತಾರೆ. ಸಣ್ಣ ಕ್ಯಾಮೆರಾ ಒಳಗೆ ಕಳಿಸಿ, ಕಣ್ಣಾರೆ ನೋಡಿ, ಅನುಮಾನ ಬಂದ ಜಾಗದಿಂದಲೇ ಚೂರು ತೆಗೆಯುತ್ತಾರೆ. ಬರೀ ಡಿ ಅಂಡ್ ಸಿ ಮಾಡಿದರೆ ಕಾಣದೆ ಕೆರೆಯುವುದರಿಂದ ಮೂಲೆಯಲ್ಲಿರುವ ಸಣ್ಣ ಗಂಟು ತಪ್ಪಿಹೋಗಬಹುದು. ಕ್ಯಾಮೆರಾ ಸೌಲಭ್ಯ ಇರುವ ಕಡೆ ಅದನ್ನೇ ಕೇಳುವುದು ಒಳ್ಳೆಯದು.

ರಿಪೋರ್ಟ್‌ನಲ್ಲಿ ‘ಪರೀಕ್ಷೆಗೆ ಸಾಲುವಷ್ಟು ಚೂರು ಇಲ್ಲ’ ಅಂತ ಬಂದರೆ ಅದನ್ನು ನಾರ್ಮಲ್ ಅಂತ ಓದಬೇಡಿ. ಪದರ ದಪ್ಪ ಇದ್ದರೆ ಅಥವಾ ರಕ್ತ ನಿಲ್ಲದಿದ್ದರೆ ಪರೀಕ್ಷೆ ಇನ್ನೊಮ್ಮೆ ಆಗಬೇಕು.

ಬಯಾಪ್ಸಿ ಮಾಡಿದರೆ ಗಡ್ಡೆ ಕೆರಳಿ ಹರಡುತ್ತದಂತೆ?

ಈ ಮಾತು ಊರೂರಲ್ಲೂ ಇದೆ. ಒಳಪದರದ ಬಯಾಪ್ಸಿಯಿಂದ ಕಾಯಿಲೆ ಕೆರಳುವುದಿಲ್ಲ, ಆಯಸ್ಸು ಕಡಿಮೆಯಾಗುವುದಿಲ್ಲ. ಬಯಾಪ್ಸಿ ತಪ್ಪಿಸಿಕೊಂಡು ಕಳೆದ ತಿಂಗಳುಗಳಲ್ಲಿ ಮಾತ್ರ ಕಾಯಿಲೆ ಬೆಳೆಯುತ್ತದೆ.

‘ಹೇಗೂ ವಯಸ್ಸಾಯಿತು, ಮಕ್ಕಳಾಗಿವೆ, ಗರ್ಭಕೋಶ ತೆಗೆದುಬಿಡೋಣ’ ಅಂದರು. ಬಯಾಪ್ಸಿ ಮಾಡಿಲ್ಲ. ಒಪ್ಪಬಹುದಾ?

ಒಪ್ಪಬೇಡಿ. ಈ ಪುಟದಲ್ಲಿ ತುಂಬಾ ಒತ್ತಿ ಹೇಳಬೇಕಾದ ಉತ್ತರ ಇದು.

ಮೊದಲನೆಯದಾಗಿ, ಆಪರೇಷನ್ನೇ ಬೇಕಿಲ್ಲದೆ ಇರಬಹುದು. ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ ಅಂತ ಆಗಲೇ ನೋಡಿದೆವು. ಪಾಲಿಪ್ ಆಗಿದ್ದರೆ ಅದನ್ನಷ್ಟೇ ತೆಗೆದರೆ ಮುಗಿಯಿತು. ಬೇಡದ ಗರ್ಭಕೋಶದ ಆಪರೇಷನ್ ನಮ್ಮಲ್ಲಿ ಸಣ್ಣ ಸಂಗತಿಯೂ ಅಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಹೀಗೆ ಆಪರೇಷನ್ ಮಾಡಿದ ಆರೋಪ 2015ರಲ್ಲಿ ಬೀದಿ ಹೋರಾಟದವರೆಗೆ ಹೋಗಿತ್ತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದೇ ದೂರುಗಳ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶ ಕೊಟ್ಟಿತು. ಬೇಡದ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ 3 ತಿಂಗಳೊಳಗೆ ಜಾರಿಗೆ ತರಬೇಕು ಅಂತ ಹೇಳಿತು.

ಎರಡನೆಯದಾಗಿ, ನಿಜಕ್ಕೂ ಕ್ಯಾನ್ಸರ್ ಇದ್ದರೆ ಸಾದಾ ಆಪರೇಷನ್‌ನಿಂದ ನಷ್ಟವಾಗುತ್ತದೆ. ಕ್ಯಾನ್ಸರ್ ಅಂತ ಗೊತ್ತಿಲ್ಲದ ಸರ್ಜನ್ ಅಂಡಾಶಯ ಬಿಟ್ಟಿರಬಹುದು. ಕ್ಯಾನ್ಸರ್ ಹರಡುವಾಗ ಹೋಗಿ ಸೇರುವ ಲಿಂಫ್ ಗಂಟುಗಳನ್ನು ನೋಡಿರುವುದಿಲ್ಲ. ಗರ್ಭಕೋಶ ದೊಡ್ಡದಿದೆ ಅಂತ ಒಳಗೇ ಚೂರು ಚೂರು ಮಾಡಿ ತೆಗೆದಿರಬಹುದು. ಹಾಗೆ ಚೂರು ಮಾಡಿದರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಚೆಲ್ಲುವ ಅಪಾಯ ಇದೆ. ಆಮೇಲೆ ರಿಪೋರ್ಟ್ ಬಂದಾಗ ಎರಡನೇ ಆಪರೇಷನ್ ಬೇಕಾ, ರೇಡಿಯೇಷನ್ ಬೇಕಾ ಅನ್ನುವ ಗೊಂದಲ ಶುರುವಾಗುತ್ತದೆ. ಈ ಕ್ಯಾನ್ಸರ್‌ನಲ್ಲಿ ಮೊದಲ ಆಪರೇಷನ್ ಸರಿಯಾಗಿ ಆಗುವುದು ತುಂಬಾ ಮುಖ್ಯ.

ಡಾಕ್ಟರ್ ಎದುರು ಜಗಳ ಬೇಕಿಲ್ಲ. ‘ಮೇಡಂ, ಬಯಾಪ್ಸಿ ರಿಪೋರ್ಟ್ ಬರಲಿ, ಅದನ್ನು ನೋಡಿ ನಿರ್ಧಾರ ಮಾಡೋಣ’ ಅಂದರೆ ಸಾಕು. ಜೋರು ರಕ್ತಸ್ರಾವ ಇದ್ದರೂ ಸಾಮಾನ್ಯವಾಗಿ ಮಾತ್ರೆ, ಇಂಜೆಕ್ಷನ್‌ನಿಂದ ಹತೋಟಿಗೆ ತಂದು ಬಯಾಪ್ಸಿ ಮಾಡಬಹುದು.

ರಿಪೋರ್ಟ್‌ನಲ್ಲಿ ಏನೇನೋ ಬರೆದಿದೆ. ಹೇಗೆ ಓದುವುದು?

‘ಹೈಪರ್‌ಪ್ಲೇಸಿಯಾ’ ಅಂತಿದ್ದರೆ ಪದರ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದಿದೆ ಅಂತ. ಎಟಿಪಿಯಾ ಅಂದರೆ ಕಣಗಳ ರೂಪ ಕೆಟ್ಟಿರುವುದು. ‘ಎಟಿಪಿಯಾ ಇಲ್ಲ’ ಅಂತಲೂ ಬರೆದಿದ್ದರೆ ಪ್ರೊಜೆಸ್ಟರಾನ್ ಔಷಧಿಯಿಂದ ಹೆಚ್ಚಿನವರಿಗೆ ವಾಸಿಯಾಗುತ್ತದೆ. ‘ಎಟಿಪಿಯಾ ಇದೆ’ ಅಂತಿದ್ದರೆ ಮಾತೇ ಬೇರೆ. ಅಂಥವರ ಗರ್ಭಕೋಶ ತೆಗೆದು ನೋಡಿದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 100ಕ್ಕೆ 40ಕ್ಕೂ ಹೆಚ್ಚು ಮಂದಿಗೆ ಆಗಲೇ ಕ್ಯಾನ್ಸರ್ ಇತ್ತು. ಹಾಗಾಗಿ ಮಕ್ಕಳು ಬೇಕು ಅನ್ನುವವರನ್ನು ಬಿಟ್ಟರೆ ಅವರಿಗೆ ಆಪರೇಷನ್ ಸಲಹೆ ಕೊಡುತ್ತಾರೆ.

‘ಎಂಡೋಮೆಟ್ರಿಯಾಯ್ಡ್ ಕಾರ್ಸಿನೋಮಾ’ ಅನ್ನುವುದು ಎಲ್ಲಕ್ಕಿಂತ ಸಾಮಾನ್ಯ ಜಾತಿ. ಅದರ ಮುಂದೆ ಗ್ರೇಡ್ 1, 2, 3 ಅಂತ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಕಾಯಿಲೆಯ ಜೋರು ಹೆಚ್ಚು. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ ಕ್ಯಾನ್ಸರ್‌ನ ಸ್ವಭಾವ ಹೇಳುತ್ತದೆ, ಸ್ಟೇಜ್ ಅದು ಎಲ್ಲಿಯವರೆಗೆ ಹೋಗಿದೆ ಅಂತ ಹೇಳುತ್ತದೆ. ಸೀರಸ್, ಕ್ಲಿಯರ್ ಸೆಲ್, ಕಾರ್ಸಿನೋಸಾರ್ಕೋಮಾ ಅಂತ ಬರೆದಿದ್ದರೆ ಅವು ಜೋರಿನ ಜಾತಿಗಳು. ಆಪರೇಷನ್ನೂ ದೊಡ್ಡದಾಗುತ್ತದೆ, ಕೀಮೋ ಕೂಡ ಬೇಕಾಗುವುದೇ ಹೆಚ್ಚು.

ಈಗ ಇನ್ನೊಂದು ಸಾಲು ಸೇರಿದೆ. 2013ರಲ್ಲಿ ಅಮೆರಿಕದ ಸಂಶೋಧಕರು ಈ ಕ್ಯಾನ್ಸರ್ ಜೀನ್ ಮಟ್ಟದಲ್ಲಿ ನಾಲ್ಕು ಬಗೆ ಅಂತ ತೋರಿಸಿದರು. ಪಿಓಎಲ್‌ಇ ಅನ್ನುವ ಜೀನ್ ಬದಲಾದ ಬಗೆಯದು ಗ್ರೇಡ್ 3 ಇದ್ದರೂ ಚೆನ್ನಾಗಿ ವಾಸಿಯಾಗುತ್ತದೆ. ಪಿ53 ಅನ್ನುವ ಜೀನ್ ಕೆಟ್ಟಿರುವ ಬಗೆ ಗ್ರೇಡ್ ಕಡಿಮೆ ಇದ್ದರೂ ಹಟಮಾರಿ. ಎಂಎಂಆರ್, ಅಂದರೆ ಜೀನ್‌ನ ತಪ್ಪು ತಿದ್ದುವ ವ್ಯವಸ್ಥೆ, ಕೊರತೆ ಇರುವ ಬಗೆಗೆ ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿ) ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದದ್ದು ಈ ಮೂರಕ್ಕೂ ಸೇರದ ಬಗೆ. ಪಿ53, ಎಂಎಂಆರ್ ಪರೀಕ್ಷೆಗಳನ್ನು ಬಯಾಪ್ಸಿ ಚೂರಿನಲ್ಲೇ ಬಣ್ಣ ಹಾಕಿ ಮಾಡಬಹುದು. ‘ಇವೆರಡನ್ನೂ ಮಾಡಿಸಿದ್ದೀರಾ’ ಅಂತ ಕೇಳಲು ಸಂಕೋಚ ಬೇಡ.

ಎಂಆರ್‌ಐ ಯಾಕೆ? ಸ್ಟೇಜ್ ಎಷ್ಟು ಅಂತ ಈಗಲೇ ಹೇಳುತ್ತಿಲ್ಲವಲ್ಲ?

ಕ್ಯಾನ್ಸರ್ ಗರ್ಭಕೋಶದ ಮಾಂಸದ ಗೋಡೆಯೊಳಗೆ ಎಷ್ಟು ಇಳಿದಿದೆ, ಬಾಯಿಯ ತನಕ ಬಂದಿದೆಯಾ ಅಂತ ಎಂಆರ್‌ಐ ಅಂದಾಜು ಕೊಡುತ್ತದೆ. ಜೋರಿನ ಜಾತಿ ಆಗಿದ್ದರೆ ಎದೆ, ಹೊಟ್ಟೆಯ ಸಿಟಿ ಸ್ಕ್ಯಾನ್ ಕೂಡ ಮಾಡುತ್ತಾರೆ. ಆದರೆ ಇವೆಲ್ಲ ಅಂದಾಜು. ತೆಗೆದ ಗರ್ಭಕೋಶವನ್ನು ಪೆಥಾಲಜಿಸ್ಟ್ ಕೊಯ್ದು ನೋಡಿದ ಮೇಲೆ ಖಚಿತ ಸ್ಟೇಜ್ ಗೊತ್ತಾಗುತ್ತದೆ. 1988ರಿಂದ ಜಗತ್ತಿನಾದ್ಯಂತ ಇದೇ ಪದ್ಧತಿ. ಹಾಗಾಗಿ ಆಪರೇಷನ್‌ಗೆ ಮೊದಲು ಡಾಕ್ಟರ್ ಸ್ಟೇಜ್ ಹೇಳದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಬೇಡಿ.

ಸುಮಾರಾಗಿ ಹೇಳುವುದಾದರೆ, ಗರ್ಭಕೋಶದೊಳಗೇ ಇದ್ದರೆ 1. ಬಾಯಿಯ ಒಳಮಾಂಸಕ್ಕೆ ಇಳಿದಿದ್ದರೆ 2. ಅಂಡಾಶಯ, ಯೋನಿ, ಲಿಂಫ್ ಗಂಟಿಗೆ ಹೋಗಿದ್ದರೆ 3. ಮೂತ್ರಕೋಶ ಅಥವಾ ಕರುಳಿನ ಒಳಗೆ, ಇಲ್ಲವೇ ದೂರದ ಅಂಗಗಳಿಗೆ ಹೋಗಿದ್ದರೆ 4. 2023ರಲ್ಲಿ ಈ ಪಟ್ಟಿಯನ್ನು ತಿದ್ದಿ, ಕ್ಯಾನ್ಸರ್‌ನ ಜಾತಿ ಮತ್ತು ಜೀನ್ ಬಗೆಯನ್ನೂ ಲೆಕ್ಕಕ್ಕೆ ಸೇರಿಸಿದ್ದಾರೆ. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡೂ ಬಳಕೆಯಲ್ಲಿರುವುದರಿಂದ ಇಬ್ಬರು ಡಾಕ್ಟರ್ ಬೇರೆ ಬೇರೆ ಸ್ಟೇಜ್ ಹೇಳಿದರೆ ಗಾಬರಿಯಾಗಬೇಡಿ. ಯಾವ ಪಟ್ಟಿ ಅಂತ ಕೇಳಿ.

ಆಪರೇಷನ್‌ನಲ್ಲಿ ಏನೇನು ತೆಗೆಯುತ್ತಾರೆ?

ಗರ್ಭಕೋಶ, ಅದರ ಬಾಯಿ, ಎರಡೂ ಕಡೆಯ ನಾಳ, ಎರಡೂ ಅಂಡಾಶಯ. ಇಡಿಯಾಗಿ, ಚೂರು ಮಾಡದೆ ತೆಗೆಯಬೇಕು. ಹೊಟ್ಟೆಯ ಒಳಗೆಲ್ಲ ಕಣ್ಣಾಡಿಸಿ, ಅನುಮಾನ ಬಂದಲ್ಲಿ ಚೂರು ತೆಗೆಯುತ್ತಾರೆ. ಸೀರಸ್‌ನಂಥ ಜಾತಿಗಳಲ್ಲಿ ಕರುಳಿನ ಮುಂದೆ ಪರದೆಯಂತಿರುವ ಕೊಬ್ಬಿನ ಹಾಳೆಯನ್ನೂ ಪರೀಕ್ಷೆಗೆ ತೆಗೆಯುತ್ತಾರೆ.

ಅಂಡಾಶಯ ಯಾಕೆ ಅಂದರೆ, ಕ್ಯಾನ್ಸರ್ ಕಣ್ಣಿಗೆ ಕಾಣದಂತೆ ಅಲ್ಲಿಗೆ ಹೋಗಿರಬಹುದು. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಹೆಚ್ಚಾಗಿ ಬರುವುದೂ ಅಲ್ಲಿಂದಲೇ. ಮುಟ್ಟು ನಿಲ್ಲದ ಚಿಕ್ಕ ವಯಸ್ಸಿನವರಲ್ಲಿ, ಗ್ರೇಡ್ 1 ಇದ್ದು ಗೋಡೆಗೆ ಹೆಚ್ಚು ಇಳಿಯದಿದ್ದರೆ, ಮನೆತನದಲ್ಲಿ ಕ್ಯಾನ್ಸರ್ ಕಾಟ ಇಲ್ಲದಿದ್ದರೆ, ಅಂಡಾಶಯ ಉಳಿಸುವ ಬಗ್ಗೆ ಮಾತಾಡಬಹುದು. ಹಠಾತ್ತಾಗಿ ಮುಟ್ಟು ನಿಂತರೆ ಮೈ ಬಿಸಿಯಾಗುವುದು, ನಿದ್ದೆ ಕೆಡುವುದು, ಮೂಳೆ ಸವೆಯುವುದು ಎಲ್ಲ ಬೇಗ ಬರುತ್ತವೆ. ಹಾಗಾಗಿ ಈ ಮಾತು ಆಪರೇಷನ್‌ಗೆ ಮೊದಲೇ ಆಗಬೇಕು.

ಲಿಂಫ್ ಗಂಟು ತೆಗೆದರೆ ಕಾಲು ಊದುತ್ತದೆ ಅಂತಾರೆ. ತೆಗೆಯಲೇಬೇಕಾ?

ಮೊದಲು ಸೊಂಟದ ಗಂಟುಗಳನ್ನೆಲ್ಲ ಬಾಚಿ ತೆಗೆಯುವುದು ವಾಡಿಕೆಯಾಗಿತ್ತು. 2008 ಮತ್ತು 2009ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳು, ಒಂದು ಇಟಲಿಯದು, ಇನ್ನೊಂದು ಬ್ರಿಟನ್ ಮುಂದಾಳತ್ವದ್ದು, ಆರಂಭದ ಹಂತದಲ್ಲಿ ಹಾಗೆ ಎಲ್ಲ ತೆಗೆದರೂ ಆಯಸ್ಸು ಹೆಚ್ಚುವುದಿಲ್ಲ ಅಂತ ತೋರಿಸಿದವು. ಕಾಲು ಊದುವುದು ಮಾತ್ರ ಜಾಸ್ತಿಯಾಗಿತ್ತು. ಹಾಗಂತ ಗಂಟುಗಳನ್ನು ನೋಡದೇ ಬಿಟ್ಟರೆ ಆಮೇಲೆ ಯಾವ ಚಿಕಿತ್ಸೆ ಬೇಕು ಅನ್ನುವುದು ಗೊತ್ತಾಗುವುದಿಲ್ಲ.

ಇದಕ್ಕೆ ಸಿಕ್ಕ ದಾರಿಯೇ ಸೆಂಟಿನೆಲ್ ಗಂಟಿನ ಪರೀಕ್ಷೆ. ಕ್ಯಾನ್ಸರ್ ಗರ್ಭಕೋಶದಿಂದ ಹೊರಟರೆ ಮೊದಲು ತಲುಪುವ ಗಂಟು ಅದು. ಅರಿವಳಿಕೆ ಕೊಟ್ಟ ಮೇಲೆ ಗರ್ಭಕೋಶದ ಬಾಯಿಗೆ ಇಂಡೋಸಯನಿನ್ ಗ್ರೀನ್ ಅನ್ನುವ ಬಣ್ಣದ ಔಷಧಿ ಚುಚ್ಚುತ್ತಾರೆ. ವಿಶೇಷ ಕ್ಯಾಮೆರಾದಲ್ಲಿ ಆ ಬಣ್ಣ ಹರಿದು ಹೋಗುವ ದಾರಿ ಹಸಿರಾಗಿ ಹೊಳೆಯುತ್ತದೆ. ಎರಡೂ ಕಡೆ ಮೊದಲು ಹೊಳೆದ ಗಂಟುಗಳನ್ನಷ್ಟೇ ತೆಗೆದು, ತೆಳ್ಳಗೆ ಸೀಳಿ ಪರೀಕ್ಷೆ ಮಾಡುತ್ತಾರೆ. 2017ರಲ್ಲಿ ಪ್ರಕಟವಾದ ಅಮೆರಿಕದ ಫೈರ್ಸ್ ಅಧ್ಯಯನದಲ್ಲಿ, ಬಣ್ಣ ಸರಿಯಾಗಿ ಹರಿದವರ ಪೈಕಿ ಗಂಟಿಗೆ ಕಾಯಿಲೆ ಹೋಗಿದ್ದ 100ರಲ್ಲಿ 97 ಮಂದಿಯನ್ನು ಈ ವಿಧಾನ ಗುರುತಿಸಿತ್ತು. ಒಂದು ಕಡೆ ಬಣ್ಣ ಹರಿಯದಿದ್ದರೆ ಆ ಕಡೆಯ ಗಂಟುಗಳನ್ನು ಹಳೆಯ ರೀತಿಯಲ್ಲೇ ನೋಡಬೇಕಾಗಬಹುದು. ನಿಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ವಿಚಾರಿಸಿ. ಇದಕ್ಕಾಗಿ ಒಂದೆರಡು ಊರು ದೂರ ಹೋದರೂ ಸಾರ್ಥಕ ಅಂತ ನನ್ನ ಅಭಿಪ್ರಾಯ.

ಹೊಟ್ಟೆ ಕೊಯ್ದು ಮಾಡಿದರೆ ಒಳ್ಳೆಯದಾ, ಲ್ಯಾಪ್ರೋಸ್ಕೋಪಿಯಾ?

ಕಾಯಿಲೆ ಗರ್ಭಕೋಶದೊಳಗೇ ಇದೆ ಅನ್ನಿಸಿದಾಗ ಲ್ಯಾಪ್ರೋಸ್ಕೋಪಿ ಒಳ್ಳೆಯದು. ‘ಸಣ್ಣ ತೂತಿನಲ್ಲಿ ಕ್ಯಾನ್ಸರ್ ಪೂರ್ತಿ ಬರುತ್ತದಾ’ ಅನ್ನುವ ಅನುಮಾನ ಸಹಜ. ಅಮೆರಿಕದಲ್ಲಿ 2,616 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ 5 ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ 100ಕ್ಕೆ ಸುಮಾರು 90 ಮಂದಿ ಬದುಕಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್‌ನಲ್ಲಿ 760 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನವೂ 2017ರಲ್ಲಿ ಅದೇ ಮಾತು ಹೇಳಿತು. ಲ್ಯಾಪ್ರೋಸ್ಕೋಪಿಯಲ್ಲಿ ನೋವು ಕಡಿಮೆ, ಹೊಲಿಗೆ ಸೋಂಕಾಗುವುದು ಕಡಿಮೆ, ಬೇಗ ಮನೆಗೆ ಹೋಗಬಹುದು.

ನೆಂಟರಲ್ಲಿ ಯಾರೋ ‘ಕ್ಯಾನ್ಸರ್‌ಗೆ ಲ್ಯಾಪ್ರೋಸ್ಕೋಪಿ ಬೇಡ ಅಂತ ಓದಿದ್ದೇನೆ’ ಅನ್ನಬಹುದು. ಅವರು ಓದಿದ್ದು ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಇರಬೇಕು. 2018ರ ಒಂದು ಅಧ್ಯಯನದಲ್ಲಿ ಅದಕ್ಕೆ ಹೊಟ್ಟೆ ಕೊಯ್ದು ಮಾಡಿದ ಆಪರೇಷನ್ನೇ ಮೇಲು ಅಂತ ಬಂತು. ಒಳಪದರದ ಕ್ಯಾನ್ಸರ್‌ಗೆ ಆ ಮಾತು ಹೊಂದುವುದಿಲ್ಲ.

ರೋಬೋಟ್ ಕೂಡ ಲ್ಯಾಪ್ರೋಸ್ಕೋಪಿಯ ಇನ್ನೊಂದು ರೂಪ. ತುಂಬಾ ತೂಕ ಇರುವವರಲ್ಲಿ ಸರ್ಜನ್‌ಗೆ ಅನುಕೂಲ. ಉಳಿದವರು ಅದಕ್ಕೋಸ್ಕರ ಸಾಲ ಮಾಡಬೇಕಾಗಿಲ್ಲ. ಗರ್ಭಕೋಶ ಇಡಿಯಾಗಿ ಹೊರಬರದಷ್ಟು ದೊಡ್ಡದಿದ್ದರೆ, ಕಾಯಿಲೆ ಹೊಟ್ಟೆಯಲ್ಲಿ ಹರಡಿದ್ದರೆ, ಹೊಟ್ಟೆ ಕೊಯ್ಯುವುದೇ ಸರಿ. ಶುರು ಮಾಡಿದ ಮೇಲೆ ಕಷ್ಟ ಅನ್ನಿಸಿ ದೊಡ್ಡ ಕೊಯ್ತಕ್ಕೆ ಬದಲಿಸುವುದೂ ಉಂಟು. ಅದನ್ನು ಸೋಲು ಅಂದುಕೊಳ್ಳಬೇಡಿ.

ಅಮ್ಮನಿಗೆ 98 ಕಿಲೋ ತೂಕ, ಶುಗರ್, ಬಿ.ಪಿ. ಎಲ್ಲ ಇದೆ. ಅರಿವಳಿಕೆ ತಡೆಯುತ್ತಾರಾ?

ಈ ಕ್ಯಾನ್ಸರ್ ಬರುವುದೇ ಇಂಥವರಿಗೆ ಜಾಸ್ತಿ. ಹಾಗಾಗಿ ಇದನ್ನು ದಿನಾ ಮಾಡುವ ತಂಡಕ್ಕೆ ಇದು ಹೊಸದಲ್ಲ. ಶುಗರ್ ಹತೋಟಿಗೆ ತರುತ್ತಾರೆ, ಹೃದಯದ ಎಕೋ ಮಾಡುತ್ತಾರೆ, ಗೊರಕೆ ಜೋರಿದ್ದರೆ ಅದನ್ನೂ ವಿಚಾರಿಸುತ್ತಾರೆ. ಬೆಳಗ್ಗೆ ನುಂಗುವ ಎಲ್ಲ ಮಾತ್ರೆಗಳ ಚೀಟಿ ಅರಿವಳಿಕೆ ಡಾಕ್ಟರ್‌ಗೆ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ ಮತ್ತು ಶುಗರ್ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಕೇಳಿ ಬರೆದುಕೊಳ್ಳಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಬೈದರೂ ಪರವಾಗಿಲ್ಲ.

ಹೃದಯ ತೀರಾ ದುರ್ಬಲ ಅಂತಾದರೆ ರೇಡಿಯೇಷನ್ ಒಂದರಿಂದಲೇ ಚಿಕಿತ್ಸೆ ಕೊಡುವ ದಾರಿ ಇದೆ. ಕೆಲವರಿಗೆ ಹಾರ್ಮೋನ್ ಕೊಡುತ್ತಾರೆ. ಆಪರೇಷನ್‌ನಷ್ಟು ಗಟ್ಟಿ ದಾರಿ ಇವಲ್ಲ, ಆದರೂ ಕೈಚೆಲ್ಲಿ ಕೂರುವ ಪರಿಸ್ಥಿತಿ ಇಲ್ಲ.

ನನಗೆ 31. ಇನ್ನೂ ಮಕ್ಕಳಿಲ್ಲ. ಗರ್ಭಕೋಶ ಉಳಿಸಲು ಸಾಧ್ಯವಾ?

ಕೆಲವರಿಗೆ ಸಾಧ್ಯ. ಎಂಡೋಮೆಟ್ರಿಯಾಯ್ಡ್ ಗ್ರೇಡ್ 1 ಆಗಿರಬೇಕು. ಎಂಆರ್‌ಐನಲ್ಲಿ ಗೋಡೆಗೆ ಇಳಿದಿಲ್ಲ, ಬೇರೆಲ್ಲೂ ಹೋಗಿಲ್ಲ ಅಂತ ಖಚಿತವಾಗಬೇಕು. ಆಗ ಹಿಸ್ಟರೋಸ್ಕೋಪಿಯಲ್ಲಿ ಗಂಟನ್ನು ತೆಗೆದು, ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಅಥವಾ ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ ಹಾಕುತ್ತಾರೆ. 3ರಿಂದ 6 ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತಲೇ ಇರಬೇಕು. ಅನೇಕರಲ್ಲಿ ಕ್ಯಾನ್ಸರ್ ಕರಗುತ್ತದೆ. ಕರಗಿದ ಮೇಲೆ ತಡಮಾಡದೆ ಬಂಜೆತನ ತಜ್ಞರ ಸಹಾಯದಿಂದ ಗರ್ಭ ಧರಿಸಲು ಪ್ರಯತ್ನಿಸಬೇಕು. ಕಾಯಿಲೆ ಮರುಕಳಿಸುವುದು ಸಾಮಾನ್ಯ, ಅದಕ್ಕೇ ಮಕ್ಕಳಾದ ಮೇಲೆ ಗರ್ಭಕೋಶ ತೆಗೆಸಿ ಅನ್ನುತ್ತಾರೆ. ತೂಕ ಇಳಿಸಿದರೆ ಚಿಕಿತ್ಸೆಯೂ ಚೆನ್ನಾಗಿ ಕೆಲಸ ಮಾಡುತ್ತದೆ, ಗರ್ಭ ನಿಲ್ಲುವುದಕ್ಕೂ ಸಹಾಯ.

ಇದು ನಿಮ್ಮ ನಿರ್ಧಾರ. ಅತ್ತೆಮನೆಯವರ ಒತ್ತಾಯಕ್ಕೆ ಉಳಿಸುವುದೂ ಬೇಡ, ಹೆದರಿಸಿದರು ಅಂತ ತೆಗೆಸುವುದೂ ಬೇಡ.

ಆಪರೇಷನ್ ಆದ ಮೇಲೆ ಎಷ್ಟು ದಿನ ಮಲಗಿರಬೇಕು?

ಮಲಗಿರಲೇಬಾರದು. ಅದೇ ದಿನ ಸಂಜೆ ಅಥವಾ ಮರುದಿನ ಬೆಳಗ್ಗೆ ಎಬ್ಬಿಸಿ ನಡೆಸುತ್ತಾರೆ. ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಅದಕ್ಕೇ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಹೊಟ್ಟೆ ಕೊಯ್ದವರಿಗೆ ಮನೆಗೆ ಹೋದ ಮೇಲೂ ಸೇರಿ ಒಟ್ಟು 4 ವಾರ ಕೊಡುವುದುಂಟು. ಬಾಣಂತಿಯ ಹಾಗೆ ಮೂಲೆಯಲ್ಲಿ ಕೂರಿಸಿ, ನೀರು ಕಡಿಮೆ ಕೊಟ್ಟು, ತುಪ್ಪದ ಪಥ್ಯ ಮಾಡಿಸುವುದು ಬೇಡ. ನೀರು ಚೆನ್ನಾಗಿ ಕುಡಿಯಲಿ, ಬೇಳೆ, ಕಾಳು, ಮೊಟ್ಟೆ, ಸೊಪ್ಪು ತಿನ್ನಲಿ.

ಲ್ಯಾಪ್ರೋಸ್ಕೋಪಿ ಆದವರು ಒಂದೆರಡು ದಿನದಲ್ಲಿ, ಹೊಟ್ಟೆ ಕೊಯ್ದವರು ಕೆಲವು ದಿನ ತಡವಾಗಿ ಮನೆಗೆ ಹೋಗುತ್ತಾರೆ. ಸುಮಾರು 6 ವಾರ ತುಂಬಿದ ಕೊಡ ಎತ್ತುವುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಬೇಡ. ಗಂಡ ಹೆಂಡತಿ ಸೇರುವುದು 6ರಿಂದ 8 ವಾರ, ಡಾಕ್ಟರ್ ಒಳಗಿನ ಹೊಲಿಗೆ ನೋಡಿ ಸರಿ ಅನ್ನುವವರೆಗೆ ಬೇಡ. ಆಮೇಲೆ ಏನೂ ತೊಂದರೆಯಿಲ್ಲ. ಯೋನಿ ಒಣಗಿದ ಹಾಗಾದರೆ ಹೇಳಿ, ಅದಕ್ಕೆ ಜೆಲ್ ಸಿಗುತ್ತದೆ.

ಜ್ವರ, ಜೋರು ರಕ್ತಸ್ರಾವ, ಯೋನಿಯಿಂದ ನೀರು ಸೋರುವುದು, ಒಂದು ಕಾಲು ಮಾತ್ರ ಊದಿ ನೋಯುವುದು, ಏದುಸಿರು, ಹೊಟ್ಟೆ ಉಬ್ಬಿ ವಾಂತಿಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಆಮೇಲೆ ರೇಡಿಯೇಷನ್, ಕೀಮೋ ಬೇಕೇ ಬೇಕಾ? ಪೂರ್ತಿ ವಾಸಿಯಾಗುತ್ತದಾ?

ಆರಂಭದಲ್ಲೇ ಸಿಕ್ಕ, ಗ್ರೇಡ್ ಕಡಿಮೆ ಇರುವ ಬಹಳ ಮಂದಿಗೆ ಆಪರೇಷನ್ನೇ ಪೂರ್ತಿ ಚಿಕಿತ್ಸೆ. ಸ್ವಲ್ಪ ಅಪಾಯ ಇದ್ದವರಿಗೆ ಯೋನಿಯ ಮೇಲ್ಭಾಗಕ್ಕಷ್ಟೇ ಒಳಗಿನಿಂದ ಕೊಡುವ ರೇಡಿಯೇಷನ್, ಅಂದರೆ ಬ್ರಾಕಿಥೆರಪಿ ಸಾಕು. ಗಂಟಿಗೆ ಹೋಗಿದ್ದರೆ, ಜೋರಿನ ಜಾತಿ ಆಗಿದ್ದರೆ ಕೀಮೋ, ಹೊರಗಿನ ರೇಡಿಯೇಷನ್ ಸೇರುತ್ತವೆ. ಮುಂದುವರಿದ ಹಂತದವರಿಗೆ ಕೀಮೋ ಜೊತೆ ಇಮ್ಯುನೋಥೆರಪಿ ಸೇರಿಸಿದರೆ ಲಾಭ ಅಂತ 2023ರಲ್ಲಿ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ದುಬಾರಿ ಔಷಧಿ ಅದು.

ಅಮೆರಿಕದ ದಾಖಲೆಗಳಲ್ಲಿ, ಗರ್ಭಕೋಶದೊಳಗೇ ಇದ್ದಾಗ ಸಿಕ್ಕರೆ 5 ವರ್ಷ ಬದುಕುವವರು 100ಕ್ಕೆ ಸುಮಾರು 95. ದೂರದ ಅಂಗಕ್ಕೆ ಹೋದ ಮೇಲೆ ಸಿಕ್ಕರೆ 20 ಕೂಡ ದಾಟುವುದು ಕಷ್ಟ. ಮರುಕಳಿಸುವವರಲ್ಲಿ ಹೆಚ್ಚಿನವರಿಗೆ ಮೊದಲ ಎರಡು ಮೂರು ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಆ ಅವಧಿಯಲ್ಲಿ ಕರೆದ ದಿನ ತಪ್ಪದೆ ಹೋಗಿ. ನಡುವೆ ಮತ್ತೆ ರಕ್ತ ಕಂಡರೆ ಆ ದಿನಕ್ಕಾಗಿಯೂ ಕಾಯಬೇಡಿ.

ನನ್ನ ಮಗಳಿಗೂ ಬರುತ್ತದಾ?

ಹೆಚ್ಚಿನವರಲ್ಲಿ ಇದು ಅನುವಂಶಿಕವಾಗಿ ಬರುವುದಿಲ್ಲ. ಕೆಲವು ಮನೆತನಗಳಲ್ಲಿ ಲಿಂಚ್ ಸಿಂಡ್ರೋಮ್ ಅನ್ನುವ ಜೀನ್ ದೋಷ ಇರುತ್ತದೆ. ಅಂಥ ಮನೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಈ ಕ್ಯಾನ್ಸರ್ ಎರಡೂ ಚಿಕ್ಕ ವಯಸ್ಸಿನಲ್ಲೇ ಕಾಣುತ್ತವೆ. ಎಂಎಂಆರ್ ಕೊರತೆ ಅಂತ ರಿಪೋರ್ಟ್ ಬಂದವರೆಲ್ಲರಿಗೂ ಲಿಂಚ್ ಇರುವುದಿಲ್ಲ, ಆದರೆ ಮುಂದಿನ ಪರೀಕ್ಷೆ ಬೇಕು. ಲಿಂಚ್ ಖಚಿತವಾದರೆ ನಿಮಗೂ, ಅಣ್ಣತಮ್ಮಂದಿರಿಗೂ, ಮಕ್ಕಳಿಗೂ ಲಾಭ ಇದೆ. ಆಗಾಗ ಕೊಲೊನೋಸ್ಕೋಪಿ ಮಾಡಿಸಿ ಕರುಳಿನ ಕ್ಯಾನ್ಸರ್ ತಡೆಯಬಹುದು.

ಖರ್ಚಿಗೆ ಏನು ಮಾಡುವುದು?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುವುದರಿಂದ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ರಾಜ್ಯ ಸರ್ಕಾರದ್ದೇ ಕ್ಯಾನ್ಸರ್ ಆಸ್ಪತ್ರೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ರಿಪೋರ್ಟ್ ಮೂರನ್ನೂ ಜೊತೆಗೆ ಒಯ್ಯಿರಿ.

ಗರ್ಭಕೋಶ ಆಗಲೇ ತೆಗೆದಾಗಿದೆ. ಈಗ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಮುಂದೇನು?

ಯಾರನ್ನೂ ದೂರುತ್ತಾ ಕೂರಲು ಈಗ ಸಮಯವಿಲ್ಲ. ಸ್ತ್ರೀರೋಗ ಕ್ಯಾನ್ಸರ್ ಸರ್ಜನ್ ಒಬ್ಬರನ್ನು ಈ ವಾರವೇ ನೋಡಿ. ಹೋಗುವ ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಮೂರು ವಸ್ತು ಕೇಳಿ ತೆಗೆದುಕೊಳ್ಳಿ. ಆಪರೇಷನ್‌ನಲ್ಲಿ ಏನೇನು ಮಾಡಿದರು ಅಂತ ಬರೆದ ಟಿಪ್ಪಣಿ, ಬಯಾಪ್ಸಿ ರಿಪೋರ್ಟ್, ಮತ್ತು ಮೇಣದ ಬ್ಲಾಕ್‌ಗಳು ಹಾಗೂ ಗಾಜಿನ ಸ್ಲೈಡ್‌ಗಳು. ಇವನ್ನು ಪಡೆಯುವ ಹಕ್ಕು ನಿಮಗಿದೆ.

ಹೊಸ ಡಾಕ್ಟರ್ ಆ ಸ್ಲೈಡ್‌ಗಳನ್ನು ಮತ್ತೆ ನೋಡಿಸುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಗ್ರೇಡ್ 1, ಗೋಡೆಗೆ ಅಷ್ಟಾಗಿ ಇಳಿದಿಲ್ಲ, ಅಂಡಾಶಯವನ್ನೂ ತೆಗೆದಿದ್ದಾರೆ ಅಂತಾದರೆ ಎರಡನೇ ಆಪರೇಷನ್ ಬೇಕಾಗದೇ ಇರಬಹುದು. ಜೋರಿನ ಜಾತಿ ಆಗಿದ್ದರೆ, ಅಂಡಾಶಯ ಉಳಿದಿದ್ದರೆ, ಇನ್ನೊಂದು ಆಪರೇಷನ್ ಅಥವಾ ರೇಡಿಯೇಷನ್, ಕೀಮೋ ಬಗ್ಗೆ ನಿರ್ಧಾರ ಮಾಡುತ್ತಾರೆ. ಗರ್ಭಕೋಶವನ್ನು ಚೂರು ಮಾಡಿ ತೆಗೆದಿದ್ದರೆ ಅದನ್ನು ಅವರಿಗೆ ಮರೆಯದೆ ಹೇಳಿ. ಟಿಪ್ಪಣಿಯಲ್ಲಿ ಬರೆದಿಲ್ಲದಿದ್ದರೆ ಮೊದಲು ಆಪರೇಷನ್ ಮಾಡಿದವರಿಗೇ ಫೋನ್ ಮಾಡಿ ಕೇಳಿ, ಅವರ ಉತ್ತರವನ್ನು ಬರೆದುಕೊಂಡು ಹೋಗಿ.